ಅಂಗಳಕ್ಕೆ ಬಂದ ಆಪಾ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ. ಕೆಲವರು ನಯವಾಗಿ ಕೇಳುತ್ತಾರೆ, ಕೆಲವರು ಸಿಟ್ಟಿನಲ್ಲಿ. ಮುಸ್ಲಿಮರು ಕುಟುಂಬ ಯೋಜನೆಯನ್ನು ಒಪ್ಪುವುದೇ ಇಲ್ಲವಲ್ಲ, ಅವರ ಧರ್ಮವೇ ಅಡ್ಡ ಬರುತ್ತದಲ್ಲ, ಹೆರಿಗೆ ಡಾಕ್ಟರಾಗಿ ನೀವೇನು ಹೇಳುತ್ತೀರಿ ಎಂದು. ಅದೇ ಅಂಚೆಯಲ್ಲಿ ಇನ್ನೊಂದು ಬಗೆಯ ಪತ್ರವೂ ಇರುತ್ತದೆ. ಅದರಲ್ಲಿ ಹೆಸರಿರುವುದಿಲ್ಲ, ಊರೂ ಇರುವುದಿಲ್ಲ. ಎರಡು ಮಕ್ಕಳಾಗಿವೆ, ಮೈಯಲ್ಲಿ ಶಕ್ತಿ ಇಲ್ಲ, ಸದ್ಯಕ್ಕೆ ಇನ್ನೊಂದು ಬೇಡ ಅನ್ನಿಸಿದೆ, ನಮ್ಮಲ್ಲಿ ಇದು ಗುನಾಹ್ (ಪಾಪ) ಆಗುತ್ತದಾ ಎಂದು ನಾಲ್ಕೇ ಸಾಲು. ಈ ಎರಡೂ ಪತ್ರಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಇವತ್ತು ಬರೆಯುತ್ತಿದ್ದೇನೆ. ಮೊದಲನೆಯವರು ಕೇಳುವ ಪ್ರಶ್ನೆಗೆ ಉತ್ತರ ಎರಡನೆಯವರ ಪತ್ರದಲ್ಲೇ ಇದೆ ಎನ್ನುವುದು ನನ್ನ ನಂಬಿಕೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ತೊಂಬತ್ತರ ದಶಕದ ಆರಂಭದಲ್ಲಿ, ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿದ್ದೆ. ಒಬ್ಬ ಹೆಣ್ಣುಮಗಳು ನಾಲ್ಕನೇ ಹೆರಿಗೆಗೆ ಬಂದಿದ್ದಳು. ಕಣ್ಣಿನ ರೆಪ್ಪೆ ಎಳೆದು ನೋಡಿದರೆ ಒಳಗೆ ಕೆಂಪೇ ಇಲ್ಲ, ಸುಣ್ಣದಂತೆ ಬೆಳ್ಳಗಿತ್ತು. ಹೆರಿಗೆ ಸುಸೂತ್ರವಾಗಿ ಆಯಿತು. ಮೂರನೇ ದಿನ ನಾನು ರೌಂಡ್ಸ್‌ಗೆ ಹೋದಾಗ, ಅತ್ತೆ ಬಿಸಿನೀರು ತರಲು ಹೋಗಿದ್ದ ಹೊತ್ತು ನೋಡಿಕೊಂಡು ನನ್ನ ಕೈ ಹಿಡಿದಳು. "ಡಾಕ್ಟರಮ್ಮ, ಇನ್ನ ಸಾಕಾಗ್ಯದ. ಆದ್ರ ಆಪರೇಷನ್ ಬ್ಯಾಡ್ರಿ, ನಮ್ಮಾಗ ನಡಿಯಂಗಿಲ್ಲ. ಬ್ಯಾರೆ ಏನಾರ ಇದ್ರ ಕೊಡ್ರಿ." ನಾನು ಏನು ಮಾಡಿದೆ? ಆಪರೇಷನ್ ಎಷ್ಟು ಸುಲಭ, ಎಷ್ಟು ಹೊತ್ತಿನ ಕೆಲಸ ಎಂದು ಮತ್ತೆ ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು. ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ಒಂದು ಪದ ಬರೆದೆ: 'ಒಪ್ಪಲಿಲ್ಲ'. ಮಾಲಾ-ಎನ್ ಗುಳಿಗೆಯ ಪೊಟ್ಟಣಗಳು ಅದೇ ಕೋಣೆಯ ಬೀರುವಿನಲ್ಲಿದ್ದವು. ಗರ್ಭಕೋಶದೊಳಗಿಡುವ ವಂಕಿಯನ್ನು ಹಾಕಲು ನನಗೆ ಬರುತ್ತಿತ್ತು. ಆದರೆ ಆಗಿನ ದಿನಗಳಲ್ಲಿ ತಿಂಗಳ ಕೊನೆಯಲ್ಲಿ ನಮ್ಮನ್ನು ಕೇಳುತ್ತಿದ್ದದ್ದು ಎಷ್ಟು ಆಪರೇಷನ್ ಆಯಿತು ಎನ್ನುವ ಲೆಕ್ಕ ಮಾತ್ರ. ಟಾರ್ಗೆಟ್ ಎನ್ನುವ ಆ ಪದ್ಧತಿಯನ್ನು ಸರ್ಕಾರ ಕೈಬಿಟ್ಟದ್ದು 1996ರಲ್ಲಿ. ಆ ಹೆಣ್ಣುಮಗಳು ಎರಡು ವರ್ಷದೊಳಗೆ ಮತ್ತೆ ಬಂದಳು, ಐದನೆಯದಕ್ಕೆ, ಇನ್ನಷ್ಟು ಬಿಳಿಚಿಕೊಂಡು. ಉಳಿದುಕೊಂಡಳು, ಪುಣ್ಯ. ನಾನು ಬರೆದ ಆ ಪದ ಮಾತ್ರ ನನ್ನನ್ನು ಬಿಟ್ಟಿಲ್ಲ. ಅವಳು ಒಪ್ಪದೇ ಇದ್ದದ್ದು ಮಕ್ಕಳ ನಡುವಿನ ಅಂತರವನ್ನಲ್ಲ, ನಾನು ಮುಂದಿಟ್ಟ ಒಂದೇ ಒಂದು ದಾರಿಯನ್ನು.

ಧರ್ಮದ ಮಾತಿಗೆ ಬರೋಣ. ನಾನು ಆಲಿಮಳಲ್ಲ, ಅಂದರೆ ಧರ್ಮಪಂಡಿತೆಯಲ್ಲ, ಫತ್ವಾ ಕೊಡುವ ಅಧಿಕಾರ ನನಗಿಲ್ಲ. ಆದರೆ ವೈದ್ಯಳಾಗಿ ಓದಿ ತಿಳಿದುಕೊಂಡದ್ದನ್ನು ಹೇಳಬಲ್ಲೆ. ಪ್ರವಾದಿಯವರ ಕಾಲದಲ್ಲೇ ಅರಬರಲ್ಲಿ 'ಅಝ್ಲ್' ಎನ್ನುವ ರೂಢಿಯಿತ್ತು. ಗರ್ಭ ನಿಲ್ಲದಂತೆ ಗಂಡ ಕೊನೆಯ ಗಳಿಗೆಯಲ್ಲಿ ಹಿಂದೆ ಸರಿಯುವ ಕ್ರಮ ಅದು. ಕುರಾನ್ ಅವತೀರ್ಣವಾಗುತ್ತಿದ್ದ ಕಾಲದಲ್ಲಿ ತಾವು ಹಾಗೆ ಮಾಡುತ್ತಿದ್ದೆವು, ಅದಕ್ಕೆ ತಡೆ ಬರಲಿಲ್ಲ ಎಂದು ಪ್ರವಾದಿಯ ಸಂಗಾತಿ ಜಾಬಿರ್ ಹೇಳಿದ ಹದೀಸನ್ನು ವಿದ್ವಾಂಸರು ಸಾವಿರ ವರ್ಷಗಳಿಂದ ಚರ್ಚಿಸುತ್ತ ಬಂದಿದ್ದಾರೆ. 1111ರಲ್ಲಿ ತೀರಿಕೊಂಡ ಇಮಾಮ್ ಗಝಾಲಿ ಇದಕ್ಕೆ ಸಮ್ಮತಿಸುವ ಕಾರಣಗಳನ್ನೇ ಎಣಿಸಿದ್ದಾರೆ: ಹೆಂಡತಿಯ ಜೀವಕ್ಕೆ, ಚೆಲುವಿಗೆ ಕುಂದು ಬರಬಾರದು ಎನ್ನುವುದು ಒಂದು, ಮಕ್ಕಳು ಹೆಚ್ಚಾಗಿ ಬದುಕು ಸಂಕಟಕ್ಕೆ ಸಿಲುಕಬಾರದು ಎನ್ನುವುದು ಇನ್ನೊಂದು. ಹೆಂಡತಿಯ ಒಪ್ಪಿಗೆ ಇರಬೇಕು ಎಂದು ಹಲವು ಪಂಥಗಳ ನ್ಯಾಯಶಾಸ್ತ್ರಜ್ಞರು ಹೇಳಿದ್ದಾರೆ. ಆ ಕಾಲದಲ್ಲಿ ಈ ವಿಷಯಕ್ಕೆ ಹೆಣ್ಣಿನ ಒಪ್ಪಿಗೆ ಕೇಳಬೇಕು ಎನ್ನುವ ಮಾತೇ ದೊಡ್ಡದು. ಇಪ್ಪತ್ತನೇ ಶತಮಾನದಲ್ಲಿ ಕೈರೋದ ಅಲ್ ಅಝರ್‌ನ ಶೇಖ್ ಮಹಮೂದ್ ಶಲ್ತೂತ್ ತಕ್ಕ ಕಾರಣವಿದ್ದರೆ ಗರ್ಭನಿರೋಧಕ ಬಳಸಬಹುದು ಎಂದರು. ವಿರೋಧಿಸಿದವರೂ ಇದ್ದರು. ಮೌಲಾನಾ ಮೌದೂದಿಯವರು ಇದನ್ನು ಖಂಡಿಸಿ ಪುಸ್ತಕವನ್ನೇ ಬರೆದರು. ಆದರೆ ಬಹುಪಾಲು ಆಲಿಮರ ಮಾತಿನಲ್ಲಿ ಒಂದು ಗೆರೆ ಸ್ಪಷ್ಟವಾಗಿದೆ. ತಾತ್ಕಾಲಿಕವಾಗಿ ತಡೆಯುವುದಕ್ಕೆ ದಾರಿ ಇದೆ. ಶಾಶ್ವತವಾಗಿ ಕತ್ತರಿಸಿ ಕಟ್ಟಿಬಿಡುವುದಕ್ಕೆ, ಜೀವಕ್ಕೆ ಅಪಾಯವಿಲ್ಲದಿದ್ದರೆ, ಆಕ್ಷೇಪವಿದೆ.

ಈಗ ನನ್ನ ರಿಜಿಸ್ಟರನ್ನು ಮತ್ತೆ ನೋಡಿ. ಅವರ ಧರ್ಮ ಅತಿ ಹೆಚ್ಚು ಆಕ್ಷೇಪಿಸುವ ಒಂದೇ ವಿಧಾನವನ್ನು ತಟ್ಟೆಯಲ್ಲಿಟ್ಟು, ಅದು ಬೇಡ ಎಂದವಳನ್ನು ಕುಟುಂಬ ಯೋಜನೆಯನ್ನೇ ಒಪ್ಪದವಳು ಎಂದು ಬರೆದೆವು. ಇಂಡೋನೇಷ್ಯಾದಲ್ಲಿ ಹೀಗೆ ಮಾಡಲಿಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಮುಸ್ಲಿಮರಿರುವ ಆ ದೇಶದಲ್ಲಿ 1970ರಲ್ಲಿ ಕುಟುಂಬ ಯೋಜನೆಯ ರಾಷ್ಟ್ರೀಯ ಮಂಡಳಿ ಆರಂಭವಾದಾಗ ಆಲಿಮರನ್ನು ಕೂರಿಸಿಕೊಂಡು ಮಾತಾಡಿದರು. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಅವರ ವಿರೋಧವಿತ್ತು. ಸರ್ಕಾರ ಅದನ್ನು ಅಧಿಕೃತ ಕಾರ್ಯಕ್ರಮದಲ್ಲಿ ಸೇರಿಸಲಿಲ್ಲ. ಗುಳಿಗೆ, ಇಂಜೆಕ್ಷನ್, ವಂಕಿ ಇವುಗಳ ಮೇಲೆಯೇ ಕಾರ್ಯಕ್ರಮ ನಿಂತಿತು, ನಡೆಯಿತು ಕೂಡ. ಅಂದ ಹಾಗೆ ಯೋಜನೆ ಮಾಡುವವರ ಶ್ರದ್ಧೆಯೂ ಅಡ್ಡ ಬರುವುದುಂಟು. ಸ್ವತಂತ್ರ ಭಾರತದ ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯವರ ಶಿಷ್ಯೆ, ಸಂಯಮವೊಂದೇ ಸರಿಯಾದ ದಾರಿ ಎಂದು ನಂಬಿದವರು. ಹಾಗಾಗಿ ಐವತ್ತರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ನಮ್ಮ ರಾಮನಗರದಲ್ಲಿ ಪ್ರಯೋಗ ನಡೆದದ್ದು ದಿನ ಎಣಿಸುವ ವಿಧಾನದ ಮೇಲೆ ಮಾತ್ರ. ಹೆಂಗಸರಿಗೆ ಲೆಕ್ಕ ತಪ್ಪದಿರಲೆಂದು ಬಣ್ಣಬಣ್ಣದ ಮಣಿಗಳ ಸರ ಕೊಟ್ಟರು. ಅದು ಫಲ ಕೊಡಲಿಲ್ಲ. ಅದಕ್ಕೆ ಯಾರೂ ರಾಮನಗರದ ಹೆಂಗಸರ ಧರ್ಮವನ್ನು ದೂರಲಿಲ್ಲ.

ಧರ್ಮವೇ ಕಾರಣವೋ ಅಲ್ಲವೋ ಎಂದು ತಿಳಿಯಬೇಕಾದರೆ ಒಂದೇ ಧರ್ಮದ ಎರಡು ದೇಶಗಳನ್ನು ನೋಡಬೇಕು. 1971ರವರೆಗೆ ಒಂದೇ ದೇಶವಾಗಿದ್ದ ಪಾಕಿಸ್ತಾನ ಮತ್ತು ಬಾಂಗ್ಲಾದೇಶಕ್ಕಿಂತ ಒಳ್ಳೆಯ ಜೋಡಿ ಸಿಗುವುದಿಲ್ಲ. 1951ರ ಜನಗಣತಿಯಲ್ಲಿ ಪೂರ್ವ ಭಾಗದಲ್ಲಿ, ಅಂದರೆ ಇಂದಿನ ಬಾಂಗ್ಲಾದೇಶದಲ್ಲಿ, ಸುಮಾರು 4.2 ಕೋಟಿ ಜನ, ಪಶ್ಚಿಮದಲ್ಲಿ ಸುಮಾರು 3.4 ಕೋಟಿ. ಪೂರ್ವವೇ ದೊಡ್ಡದು. ಇವತ್ತು ಬಾಂಗ್ಲಾದೇಶದಲ್ಲಿ ಸುಮಾರು 17 ಕೋಟಿ, ಪಾಕಿಸ್ತಾನದಲ್ಲಿ 24 ಕೋಟಿ. ಯುದ್ಧ, ಸಾವು, ವಲಸೆಗಳ ಪಾಲೂ ಇದರಲ್ಲಿದೆ, ನಿಜ. ಆದರೆ ದೊಡ್ಡ ಕಾರಣ ಹೆಂಗಸರ ಹೆರಿಗೆಯ ಲೆಕ್ಕದಲ್ಲೇ ಕಾಣುತ್ತದೆ. ಎಪ್ಪತ್ತರ ದಶಕದಲ್ಲಿ ಎರಡೂ ಕಡೆ ಒಬ್ಬ ಹೆಣ್ಣುಮಗಳಿಗೆ ಸರಾಸರಿ ಆರಕ್ಕಿಂತ ಹೆಚ್ಚು ಮಕ್ಕಳು. ಬಾಂಗ್ಲಾದೇಶದಲ್ಲಿ ಅದು 1993-94ರ ಹೊತ್ತಿಗೆ 3.4ಕ್ಕೆ, 2011ಕ್ಕೆ 2.3ಕ್ಕೆ ಇಳಿಯಿತು. ಪಾಕಿಸ್ತಾನದಲ್ಲಿ 2017-18ರಲ್ಲೂ 3.6. ಅದೇ ಕುರಾನ್, ಅದೇ ನಮಾಜು, ಎರಡರಲ್ಲೂ ಸುನ್ನಿ ಹನಫಿಗಳೇ ಹೆಚ್ಚು. ಆಗಿನ ಅಧ್ಯಕ್ಷ ಅಯೂಬ್ ಖಾನ್ 1965ರಲ್ಲಿ ಆರಂಭಿಸಿದ ಯೋಜನೆ ಎರಡೂ ಭಾಗಗಳಿಗೆ ಒಂದೇ ಆಗಿತ್ತು. ಸೂಲಗಿತ್ತಿಯರಿಗೆ ತಲೆಗಿಷ್ಟು ಎಂದು ಹಣ ಕೊಟ್ಟು, ಹೆಂಗಸರನ್ನು ಕರೆತಂದು ವಂಕಿ ಹಾಕಿಸುವುದು ಅದರ ಮುಖ್ಯ ಕ್ರಮ. ಅಯೂಬ್ ವಿರುದ್ಧ ಜನ ಬೀದಿಗಿಳಿದಾಗ ಈ ಯೋಜನೆಯೂ ಅವರ ಸಿಟ್ಟಿಗೆ ಗುರಿಯಾಯಿತು. ಬೇರೆಯಾದ ಮೇಲೆ ಬಾಂಗ್ಲಾದೇಶ ಏನನ್ನು ಬೇರೆ ರೀತಿ ಮಾಡಿತು ಎನ್ನುವುದೇ ಕೇಳಬೇಕಾದ ಪ್ರಶ್ನೆ.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಒಂದು ತರಬೇತಿಗೆಂದು ಢಾಕಾಕ್ಕೆ ಹೋಗಿದ್ದೆ. ಒಂದು ದಿನ ನಮ್ಮನ್ನು ಮತ್ಲಬ್‌ಗೆ ಕರೆದೊಯ್ದರು. ಢಾಕಾದಿಂದ ಐವತ್ತೈದು ಕಿಲೋಮೀಟರ್ ಆಗ್ನೇಯಕ್ಕೆ, ಮೇಘನಾ ನದಿಯ ಬಯಲಿನಲ್ಲಿರುವ ಗ್ರಾಮೀಣ ಪ್ರದೇಶ. ಕೊನೆಯ ದಾರಿ ದೋಣಿಯಲ್ಲಿ. ಎಲ್ಲಿ ನೋಡಿದರೂ ನೀರು, ನೀರಿನ ನಡುವೆ ಎತ್ತರಿಸಿದ ಮಣ್ಣಿನ ದಿಬ್ಬ, ದಿಬ್ಬದ ಮೇಲೆ ಒಂದೇ ಅಂಗಳದ ಸುತ್ತ ಅಣ್ಣತಮ್ಮಂದಿರ ನಾಲ್ಕಾರು ತಗಡಿನ ಮನೆ. ಇದನ್ನು 'ಬಾರಿ' ಎನ್ನುತ್ತಾರೆ. ಕಾಲರಾ ಸಂಶೋಧನೆಯ ಕೇಂದ್ರವೊಂದು 1963ರಿಂದ ಅಲ್ಲಿ ಕೆಲಸ ಮಾಡುತ್ತಿದೆ. ಇವತ್ತು ನಮ್ಮ ಮನೆಗಳಲ್ಲಿ ಭೇದಿಯಾದ ಮಗುವಿಗೆ ಕುಡಿಸುವ ಉಪ್ಪು-ಸಕ್ಕರೆ ನೀರು, ಅದೇ ಓಆರ್‌ಎಸ್, ಪರೀಕ್ಷೆಗೊಳಪಟ್ಟ ಮೊದಲ ಜಾಗಗಳಲ್ಲಿ ಮತ್ಲಬ್ ಒಂದು. ಪ್ರತಿ ಹುಟ್ಟು, ಪ್ರತಿ ಸಾವು, ಪ್ರತಿ ಮದುವೆ ಅಲ್ಲಿ ದಾಖಲಾಗುತ್ತಿದ್ದುದರಿಂದ ಯಾವ ಯೋಜನೆ ಫಲ ಕೊಟ್ಟಿತು, ಯಾವುದು ಕೊಡಲಿಲ್ಲ ಎಂದು ಖಚಿತವಾಗಿ ಅಳೆಯಲು ಸಾಧ್ಯವಿತ್ತು. ವೈದ್ಯಳಾಗಿ ನನಗೆ ಆ ದಫ್ತರುಗಳ ಸಾಲು ಕಂಡಾಗ ಆದ ಸಂತೋಷವನ್ನು ಹೇಗೆ ಹೇಳಲಿ?

ಮತ್ಲಬ್‌ನ ಮೊದಲ ಪ್ರಯತ್ನ ಸೋತಿತ್ತು. ಇದನ್ನು ಅವರು ಮುಚ್ಚಿಡದೆ ಹೇಳುತ್ತಾರೆ. 1975ರಲ್ಲಿ ಊರಿನ ವಯಸ್ಸಾದ, ಹೆಚ್ಚಿನಂಶ ವಿಧವೆಯರಾದ, ಓದುಬರಹ ಬಾರದ ಹೆಂಗಸರ ಕೈಯಲ್ಲಿ ಮನೆಮನೆಗೆ ಗುಳಿಗೆ ಹಂಚಿಸಿದರು. ಮೊದಲ ಕೆಲವು ತಿಂಗಳು ಬಳಕೆ ಸರಸರನೆ ಏರಿತು. ಆಮೇಲೆ ಇಳಿಯತೊಡಗಿತು. ಗುಳಿಗೆ ನುಂಗಿದವರಿಗೆ ತಲೆಸುತ್ತು, ವಾಕರಿಕೆ. ಯಾಕೆ ಹೀಗಾಗುತ್ತದೆ ಎಂದು ಕೇಳಿದರೆ ಆ ಅಜ್ಜಿಯರಿಗೆ ಗೊತ್ತಿಲ್ಲ. ಬದಲಿಗೆ ಬೇರೇನಾದರೂ ಕೊಡಿ ಎಂದರೆ ಚೀಲದಲ್ಲಿ ಬೇರೇನೂ ಇಲ್ಲ. ಎರಡು ವರ್ಷದ ಬಳಿಕ, 1977ರ ಅಕ್ಟೋಬರಿನಲ್ಲಿ, ಎಲ್ಲವನ್ನೂ ಬದಲಿಸಿದರು. 149 ಹಳ್ಳಿಗಳಲ್ಲಿ 70ನ್ನು ಹೊಸ ಕ್ರಮಕ್ಕೆ ತೆಗೆದುಕೊಂಡು, ಉಳಿದ 79 ಹಳ್ಳಿಗಳನ್ನು ಸರ್ಕಾರದ ಮಾಮೂಲಿ ಸೇವೆಗೇ ಬಿಟ್ಟರು. ಅಜ್ಜಿಯರ ಬದಲು 80 ಮಂದಿ ಹರೆಯದ ಹೆಣ್ಣುಮಕ್ಕಳು: ಅದೇ ಊರಿನ ಸೊಸೆಯರು, ಏಳೆಂಟು ತರಗತಿ ಓದಿದವರು, ಮಕ್ಕಳಿರುವವರು, ತಾವೇ ಯಾವುದಾದರೊಂದು ವಿಧಾನ ಬಳಸುತ್ತಿರುವವರು. ಒಬ್ಬೊಬ್ಬಳಿಗೆ ಸುಮಾರು 200 ಮನೆ. ಹದಿನೈದು ದಿನಕ್ಕೊಮ್ಮೆ ಪ್ರತಿ ಅಂಗಳಕ್ಕೂ ಹೋಗಬೇಕು. ಚೀಲದಲ್ಲಿ ಗುಳಿಗೆ, ನಿರೋಧ್, ಮೂರು ತಿಂಗಳ ಇಂಜೆಕ್ಷನ್. ವಂಕಿ ಬೇಕೆಂದರೆ, ಆಪರೇಷನ್ ಬೇಕೆಂದರೆ ಜೊತೆಗೇ ಕರೆದುಕೊಂಡು ಹೋಗುವ ವ್ಯವಸ್ಥೆ. ತೊಂದರೆಯಾದವರನ್ನು ನೋಡಲು ಮೇಲಿನ ಹಂತದಲ್ಲಿ ತರಬೇತಾದವರು. ಹದಿನೆಂಟು ತಿಂಗಳಲ್ಲಿ ಬಳಕೆ ನೂರಕ್ಕೆ ಏಳರಿಂದ ಮೂವತ್ತಮೂರರ ಹತ್ತಿರಕ್ಕೆ ಹೋಯಿತು. ಪಕ್ಕದ 79 ಹಳ್ಳಿಗಳಲ್ಲಿ ಅಂಥದ್ದೇನೂ ಆಗಲಿಲ್ಲ. ಅದೇ ನದಿ, ಅದೇ ಬಡತನ, ಅದೇ ಮಸೀದಿ. ಎರಡು ದಶಕದ ನಂತರ ಅರ್ಥಶಾಸ್ತ್ರಜ್ಞರು ಹೋಗಿ ಅಳೆದಾಗ ಈ ಸೇವೆ ಪಡೆದ ಹಳ್ಳಿಗಳ ಹೆಂಗಸರ ಆರೋಗ್ಯ, ಮಕ್ಕಳ ಉಳಿವು ಎರಡೂ ಮೇಲಾಗಿದ್ದವು.

ಯಾಕೆ ಮನೆಗೇ ಹೋಗಬೇಕಿತ್ತು? ಅಲ್ಲಿನ ಹಳ್ಳಿಗಳಲ್ಲಿ ಹೆಂಗಸರು ಬಜಾರಿಗೆ ಹೋಗುತ್ತಿರಲಿಲ್ಲ, ಸಾಮಾನು ತರುವವರು ಗಂಡಸರು. ಮೈಲುಗಟ್ಟಲೆ ದೂರದ ಕ್ಲಿನಿಕ್ಕಿನಲ್ಲಿ ಗಂಡು ಡಾಕ್ಟರ ಮುಂದೆ ಕುಳಿತು ಮಕ್ಕಳ ವಿಷಯ ಮಾತಾಡುವುದು ಕನಸಿನ ಮಾತು. ಪರ್ದಾ ಹೋಗಲಿ, ಆಮೇಲೆ ಕುಟುಂಬ ಯೋಜನೆ ಎಂದು ಕೂತಿದ್ದರೆ ಇನ್ನೂ ಕೂತೇ ಇರಬೇಕಿತ್ತು. ಪರ್ದಾ ಇರುವಲ್ಲಿಗೇ ಸೇವೆ ಹೋಯಿತು. ಬಾಂಗ್ಲಾ ಸರ್ಕಾರವೂ 1976ರಿಂದ ಹೆಣ್ಣು ಕಾರ್ಯಕರ್ತೆಯರನ್ನು ಸಾವಿರಗಟ್ಟಲೆ ನೇಮಿಸಿಕೊಂಡಿತ್ತು, ಎಂಬತ್ತರ ದಶಕದಲ್ಲಿ ಅವರ ಸಂಖ್ಯೆ ಇಪ್ಪತ್ತು ಸಾವಿರ ದಾಟಿತು. ಈ ಹೆಣ್ಣುಮಕ್ಕಳಿಗೆ ಅದು ಸುಲಭವಿರಲಿಲ್ಲ. ಕೊಡೆ ಹಿಡಿದು, ಚೀಲ ನೇತುಹಾಕಿಕೊಂಡು ಒಬ್ಬಳೇ ಗದ್ದೆಯ ಬದುವಿನ ಮೇಲೆ ನಡೆಯುವ ಸೊಸೆಯನ್ನು ಊರು ಆಡಿಕೊಂಡಿತು, ಮರ್ಯಾದೆಗೆಟ್ಟವಳು ಎಂದಿತು. ಪರ್ದಾ ಮನಸ್ಸಿನಲ್ಲಿ ಇರಬೇಕಾದ್ದು ಎಂದು ಅವರು ಉತ್ತರ ಕೊಟ್ಟರು. ಮತ್ಲಬ್‌ನಲ್ಲಿ ನಾನು ಹಿಂಬಾಲಿಸಿದ ಕಾರ್ಯಕರ್ತೆಯನ್ನು ಅಂಗಳದ ಹೆಂಗಸರು 'ಆಪಾ' ಎಂದು ಕರೆಯುತ್ತಿದ್ದರು, ಅಕ್ಕ ಎಂದು. ಅವಳು ಹೋದ ಕೂಡಲೇ ಗುಳಿಗೆಯ ಮಾತು ತೆಗೆಯಲಿಲ್ಲ. ಮಗುವಿನ ಜ್ವರ ಕೇಳಿದಳು, ಸುಣ್ಣ ಹಚ್ಚಿದ ವೀಳ್ಯದೆಲೆ ಬಾಯಿಗೆ ಹಾಕಿಕೊಂಡಳು. ಆಮೇಲೆ ಒಬ್ಬಳನ್ನು ಪಕ್ಕಕ್ಕೆ ಕರೆದು ಹೋದ ಬಾರಿ ಕೊಟ್ಟದ್ದು ಹಿಡಿಸಿತೇ ಎಂದು ಕೇಳಿದಳು. ತಿಂಗಳಾದರೂ ಮುಟ್ಟಾಗಿಲ್ಲ ಎಂದು ಆ ಹುಡುಗಿ ಹೆದರಿದ್ದಳು. ಅದು ಸೂಜಿಮದ್ದಿನ ಗುಣ, ಕೆಟ್ಟ ರಕ್ತ ಒಳಗೆ ಸೇರಿಕೊಳ್ಳುವುದಿಲ್ಲ ಎಂದು ಆಪಾ ವಿವರಿಸುತ್ತ, ಬೇಡವಾದರೆ ಬದಲಾಯಿಸೋಣ ಎಂದಳು. ಕೊನೆಯಲ್ಲಿ ದಫ್ತರು ತೆಗೆದು ಬರೆದುಕೊಂಡಳು. ನನ್ನ ರಿಜಿಸ್ಟರಿನಲ್ಲಿ 'ಒಪ್ಪಿದರು', 'ಒಪ್ಪಲಿಲ್ಲ' ಎಂದು ಎರಡೇ ಮಾತಿಗೆ ಜಾಗವಿತ್ತು.

ಬಾಂಗ್ಲಾದೇಶ ಮಾಡಿದ್ದೆಲ್ಲ ಸರಿ ಎಂದು ನಾನು ಹೇಳಲಾರೆ. ಜನರಲ್ ಎರ್ಷಾದ್ ಆಳ್ವಿಕೆಯ ಎಂಬತ್ತರ ದಶಕದಲ್ಲಿ ಆಪರೇಷನ್ ಮಾಡಿಸಿಕೊಂಡವರಿಗೆ ಹಣ, ಹೆಂಗಸರಿಗೆ ಸೀರೆ, ಗಂಡಸರಿಗೆ ಲುಂಗಿ ಕೊಡುತ್ತಿದ್ದರು. ಹಸಿದ ಹೊತ್ತಿನಲ್ಲಿ ಸೀರೆ ತೋರಿಸಿ ಪಡೆದ ಸಮ್ಮತಿ ಸಮ್ಮತಿಯೇ ಎಂದು ಆಗಲೇ ಹಲವರು ಪ್ರಶ್ನಿಸಿದರು. ಸರಿಯಾದ ಪ್ರಶ್ನೆ. ಕಾಲ ಕೊಟ್ಟ ಉತ್ತರವೂ ಇದೆ: 2014ರಲ್ಲಿ ಅಲ್ಲಿನ ವಿವಾಹಿತ ಹೆಂಗಸರಲ್ಲಿ ನೂರಕ್ಕೆ ಇಪ್ಪತ್ತೇಳು ಮಂದಿ ಗುಳಿಗೆ, ಹನ್ನೆರಡು ಮಂದಿ ಇಂಜೆಕ್ಷನ್ ಬಳಸುತ್ತಿದ್ದರು, ಆಪರೇಷನ್ ಮಾಡಿಸಿಕೊಂಡವರು ಐದರ ಆಸುಪಾಸು. ಆರು ಮಕ್ಕಳಿಂದ ಎರಡಕ್ಕೆ ಇಳಿದ ದಾರಿ ಸೀರೆಯದ್ದಲ್ಲ. ಪಾಕಿಸ್ತಾನವೂ 1994ರಲ್ಲಿ ಬೆನಜೀರ್ ಭುಟ್ಟೊ ಕಾಲದಲ್ಲಿ ಮನೆಮನೆಗೆ ಹೋಗುವ ಲೇಡಿ ಹೆಲ್ತ್ ವರ್ಕರ್‌ಗಳನ್ನು ನೇಮಿಸಿತು. ಆದರೆ ಆಗಲೇ ಇಪ್ಪತ್ತು ವರ್ಷ ಕಳೆದುಹೋಗಿತ್ತು.

ಇರಾನಿನ ಕಥೆಯನ್ನು ಇಲ್ಲಿ ಬಿಡುವಂತಿಲ್ಲ. 1979ರ ಕ್ರಾಂತಿಯ ನಂತರ ದೊರೆ ಶಹಾನ ಕಾಲದ ಕುಟುಂಬ ಯೋಜನೆ ಮೂಲೆಗೆ ಸರಿಯಿತು, ಇರಾಕ್ ಜೊತೆ ಯುದ್ಧ ಬಂತು, ದೊಡ್ಡ ಜನಸಂಖ್ಯೆಯೇ ಬಲ ಎಂದರು. ಯುದ್ಧ ಮುಗಿದಾಗ ಶಾಲೆ ಎಲ್ಲಿ, ಕೆಲಸ ಎಲ್ಲಿ, ಅನ್ನ ಎಲ್ಲಿ ಎನ್ನುವ ಲೆಕ್ಕ ಮುಂದೆ ನಿಂತಿತು. 1989ರಲ್ಲಿ ಅದೇ ಧರ್ಮಗುರುಗಳ ಸರ್ಕಾರ ಕಾರ್ಯಕ್ರಮವನ್ನು ಮತ್ತೆ ತಂದಿತು. ಹಳ್ಳಿಯ 'ಆರೋಗ್ಯ ಮನೆ'ಗಳಲ್ಲಿ ಅದೇ ಊರಿನ 'ಬೆಹ್‌ವರ್ಜ್' ಎಂಬ ಕಾರ್ಯಕರ್ತರು, ಎಲ್ಲವೂ ಪುಕ್ಕಟೆ, ಮದುವೆಗೆ ಮುಂಚೆ ವಧೂವರರಿಬ್ಬರಿಗೂ ಕಡ್ಡಾಯ ಪಾಠ. ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಶಾಲೆಗೆ ಹೋಗತೊಡಗಿದ್ದ ಕಾಲವೂ ಅದೇ. ಎಂಬತ್ತರ ದಶಕದ ನಡುವಿನಲ್ಲಿ ಒಬ್ಬಳಿಗೆ ಆರರ ಮೇಲಿದ್ದ ಮಕ್ಕಳ ಸರಾಸರಿ ಹೊಸ ಶತಮಾನ ಹುಟ್ಟುವ ಹೊತ್ತಿಗೆ ಎರಡರ ಹತ್ತಿರ ಬಂತು. ಇಷ್ಟು ಬೇಗ ಇಷ್ಟು ಇಳಿದ ಉದಾಹರಣೆಗಳು ಜಗತ್ತಿನಲ್ಲಿ ಬಹಳ ಕಡಿಮೆ. ಆಮೇಲೆ 2012ರಲ್ಲಿ ಗಾಳಿ ತಿರುಗಿತು. ಜನಸಂಖ್ಯೆ ಕುಗ್ಗುತ್ತಿದೆ ಎಂದು ನಾಯಕರು ಎಚ್ಚರಿಸಿದರು. 2021ರ ಕಾನೂನು ಸರ್ಕಾರಿ ಕೇಂದ್ರಗಳಲ್ಲಿ ಗರ್ಭನಿರೋಧಕಗಳನ್ನು ಪುಕ್ಕಟೆ ಹಂಚುವುದನ್ನೇ ತಡೆಯಿತು. ಹಾಗೆಂದು ಇರಾನಿನ ಹೆಂಗಸರು ಮತ್ತೆ ಆರು ಹೆರಲು ಹೋಗಲಿಲ್ಲ. ಆದರೆ ಔಷಧಿ ಅಂಗಡಿಯಲ್ಲಿ ಕೊಳ್ಳಲಾಗದ ಬಡವಳಿಗೆ ಬಾಗಿಲು ಮುಚ್ಚಿತು. ದೇಶದ ಲೆಕ್ಕಕ್ಕಾಗಿ ಕೊಟ್ಟದ್ದನ್ನು ದೇಶದ ಲೆಕ್ಕಕ್ಕಾಗಿಯೇ ಹಿಂದೆ ತೆಗೆದುಕೊಂಡರು. ಈ ಸಂಗತಿ ನನ್ನನ್ನು ಬಹಳ ನೋಯಿಸುತ್ತದೆ.

ನಮ್ಮಲ್ಲೂ ಹೆಂಗಸಿನ ಅಥವಾ ಗಂಡಸಿನ ಮೈಯನ್ನು ಲೆಕ್ಕದ ಪುಸ್ತಕವಾಗಿ ನೋಡಿದ ಕಾಲ ಇತ್ತು. ತುರ್ತು ಪರಿಸ್ಥಿತಿಯಲ್ಲಿ 1976-77ರ ಒಂದೇ ವರ್ಷ 80 ಲಕ್ಷಕ್ಕೂ ಹೆಚ್ಚು ಆಪರೇಷನ್ ಆದವು. ಹರಿಯಾಣದ ಮೇವಾತ್ ಭಾಗದ ಉಟಾವರ್ ಎಂಬ ಮುಸ್ಲಿಂ ಹಳ್ಳಿಯನ್ನು ಪೊಲೀಸರು ಮುತ್ತಿ ಗಂಡಸರನ್ನು ಎಳೆದೊಯ್ದರು. ಆ ಭಯವನ್ನು ಮನೆಯ ಹಿರಿಯರು ಮೊಮ್ಮಕ್ಕಳಿಗೆ ಹೇಳಿದ್ದರೆ ಅದಕ್ಕೆ ಧರ್ಮಾಂಧತೆ ಎಂದು ಹೆಸರಿಡುವುದು ಅನ್ಯಾಯ. ಇಷ್ಟಾದರೂ ಭಾರತದ ಮುಸ್ಲಿಂ ಹೆಂಗಸರ ಮಕ್ಕಳ ಸರಾಸರಿ 1992-93ರಲ್ಲಿ 4.4 ಇದ್ದದ್ದು 2019-21ರ ಸಮೀಕ್ಷೆಯಲ್ಲಿ 2.4ಕ್ಕೆ ಇಳಿದಿದೆ. ಮೊದಲ ಬಗೆಯ ಪತ್ರ ಬರೆಯುವವರು ಈ ಅಂಕಿಯನ್ನು ದಯವಿಟ್ಟು ಗಮನಿಸಬೇಕು. ಇದೇ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಪರೇಷನ್ ಮಾಡಿಸಿಕೊಂಡವರು. ಗುಳಿಗೆ, ವಂಕಿ, ಇಂಜೆಕ್ಷನ್ ಬಳಸುವವರು ಬೆರಳೆಣಿಕೆ. ಮತ್ಲಬ್‌ನ ಆಪಾ ಚೀಲದಲ್ಲಿ 1977ರಲ್ಲೇ ಇದ್ದ ಮೂರು ತಿಂಗಳ ಸೂಜಿ ನಮ್ಮ ಸರ್ಕಾರಿ ಆಸ್ಪತ್ರೆಗೆ 'ಅಂತರ' ಎಂಬ ಹೆಸರಿನಲ್ಲಿ ಬಂದದ್ದು 2017ರಲ್ಲಿ. ತಡವಾದದ್ದಕ್ಕೆ ಕಾರಣ ಆಲಸ್ಯವೊಂದೇ ಅಲ್ಲ. ಅಡ್ಡಪರಿಣಾಮ ತಿಳಿಸದೆ, ಆಮೇಲೆ ನೋಡಿಕೊಳ್ಳದೆ ಚುಚ್ಚಿಬಿಡುತ್ತಾರೆ ಎಂದು ನಮ್ಮ ಮಹಿಳಾ ಸಂಘಟನೆಗಳು ಹೆದರಿದ್ದವು. ಅವರ ಹೆದರಿಕೆಗೆ ಆಧಾರವಿತ್ತು.

ಹಾಗಾಗಿ ಹೆಸರು ಹಾಕದ ಆ ತಂಗಿಗೆ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ಗುನಾಹ್ ಹೌದೋ ಅಲ್ಲವೋ ಎನ್ನುವುದನ್ನು ನಿಮಗೆ ನಂಬಿಕೆ ಇರುವ ಆಲಿಮರನ್ನು ಕೇಳಿ. ಮಗುವಿಗೆ ಹಾಲೂಡಿಸುತ್ತಿದ್ದೇನೆ, ಮೈಯಲ್ಲಿ ರಕ್ತ ಕಡಿಮೆ ಇದೆ, ಸ್ವಲ್ಪ ಕಾಲ ಅಂತರ ಬೇಕು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ ಕೇಳಿ. ಬೇಕೆಂದು ನೀವು ನಿರ್ಧರಿಸಿದರೆ ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ, ಅವಳು ಹೆಣ್ಣುಮಗಳು, ನಿಮ್ಮ ಬಾಗಿಲಿಗೇ ಬರುತ್ತಾಳೆ. ವಂಕಿ ಹಾಕಿಸಿಕೊಂಡರೆ ಬೇಕೆಂದಾಗ ತೆಗೆಸಬಹುದು. 'ಅಂತರ' ಸೂಜಿಯನ್ನು ಹೆರಿಗೆಯಾಗಿ ಆರು ವಾರದ ನಂತರ ತೆಗೆದುಕೊಳ್ಳಬಹುದು, ಹಾಲಿಗೆ ತೊಂದರೆಯಿಲ್ಲ. ಮುಟ್ಟು ಏರುಪೇರಾಗುತ್ತದೆ, ಕೆಲವರಿಗೆ ಚೂರುಚೂರೇ ಕಾಣಿಸಿಕೊಳ್ಳುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ ಆಗುವುದೇ ಇಲ್ಲ. ಅದಕ್ಕೆ ಹೆದರಬೇಡಿ. ಸೂಜಿ ನಿಲ್ಲಿಸಿದ ಮೇಲೆ ಮತ್ತೆ ಬಸಿರಾಗಲು ಕೆಲವು ತಿಂಗಳು ಹಿಡಿಯುತ್ತದೆ, ಇದನ್ನು ಮೊದಲೇ ತಿಳಿದಿರಿ. ಹಿಡಿಸದಿದ್ದರೆ ಹಿಡಿಸಲಿಲ್ಲ ಎಂದು ಹೇಳಿ, ಬೇರೆಯದನ್ನು ಕೇಳಿ. ಆಸ್ಪತ್ರೆಯಲ್ಲಿ ಯಾರಾದರೂ ಒಂದನ್ನೇ ಮುಂದಿಟ್ಟು ಇದು ಬೇಡವಾದರೆ ಮನೆಗೆ ಹೋಗಿ ಎಂದರೆ, ನನಗೆ ಇನ್ನೊಂದು ಪತ್ರ ಬರೆಯಿರಿ.